ಹಬ್ಬದ ಮುಂಜಾನೆ, ಮನೆತುಂಬ ಜನ, ಬಚ್ಚಲು ಒಂದೇ: ನಾಷ್ಟಾಕ್ಕೆ ಏನು ಮಾಡುತ್ತೀರಿ?

ಕೇಶ್ವಾಪುರದ ಸೊಸೆ

ದೀಪಾವಳಿ ಹತ್ತಿರ ಬಂತು. ನಾವು ಹುಬ್ಬಳ್ಳಿಯಲ್ಲಿದ್ದೇವೆ. ಈ ಸಲ ನೀರು ತುಂಬುವ ಹಬ್ಬದಿಂದ ಪಾಡ್ಯದವರೆಗೆ ಮನೆಯಲ್ಲಿ 14 ಜನ. ಮೈದುನನ ಸಂಸಾರ ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿ ಬೆಳಗಿನ ಜಾವ ಬಂದಿಳಿಯುತ್ತದೆ. ನಾದಿನಿ ಮತ್ತು ಮಕ್ಕಳು ಗದಗಿನಿಂದ ಬರುತ್ತಾರೆ. ಅತ್ತೆಗೆ ಶುಗರ್ ಇದೆ, ಮಾವನಿಗೆ ಹಲ್ಲಿಲ್ಲ, ಸಣ್ಣವರಿಗೆ ಖಾರ ಆಗುವುದಿಲ್ಲ.

ಊಟದ ಚಿಂತೆ ನನಗಿಲ್ಲ. ಹೋಳಿಗೆ, ಕಟ್ಟಿನ ಸಾರು, ಕೋಸಂಬರಿ ಎಲ್ಲಾ ಕೈಗೆ ರೂಢಿ. ತಲೆನೋವು ಇರುವುದು ಬೆಳಗ್ಗೆ 7ರಿಂದ 10ರವರೆಗೆ. ಎಣ್ಣೆ ಹಚ್ಚಿಕೊಂಡು, ಆರತಿ ಮಾಡಿಸಿಕೊಂಡು, ಒಬ್ಬೊಬ್ಬರೇ ಸ್ನಾನ ಮುಗಿಸಿ ಬರುತ್ತಾರೆ. ಬಂದವರಿಗೆಲ್ಲ ಹಸಿವು. ಒಂದು ಒಲೆಯ ಮೇಲೆ ಕಡಲೆಬೇಳೆ ಬೇಯುತ್ತಿರುತ್ತದೆ, ಇನ್ನೊಂದರ ಮೇಲೆ ಚಹಾ. ದೋಸೆ ಹುಯ್ಯುತ್ತಾ ನಿಂತರೆ ಹತ್ತೂವರೆ ಆದರೂ ಮುಗಿಯುವುದಿಲ್ಲ. ಆಮೇಲೆ ಹೂರಣ ರುಬ್ಬುವುದು ಯಾವಾಗ?

ಒಂದು ಷರತ್ತು. ಪೂಜೆ ಆಗುವವರೆಗೆ ನಮ್ಮಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಇಲ್ಲ. ಏನು ಮಾಡುತ್ತೀರಿ, ಹೇಳಿ.

ಉಣಕಲ್ ದಂಡೆ

ಸೂಸಲಾ, ನೆನೆಸಿದ ಚುರುಮುರಿಯ ಒಗ್ಗರಣೆ. ಇದಕ್ಕೆ ಯೋಚನೆ ಯಾಕೆ?

ಸಪ್ತಾಪುರದ ಬಾಡಿಗೆದಾರ

ನನ್ನ ಕೇಳಿದರೆ ಹೊರಗಿನಿಂದ 40 ಇಡ್ಲಿ ತರಿಸಿ. ಚಟ್ನಿ, ಸಾಂಬಾರು ಎಲ್ಲಾ ಅವರೇ ಕಟ್ಟಿಕೊಡುತ್ತಾರೆ. ಹಬ್ಬದ ದಿನ ಒಲೆ ಮುಂದೆ ನಿಲ್ಲುವುದು ಯಾಕೆ?

ಕೇಶ್ವಾಪುರದ ಸೊಸೆ

ಅದೂ ನೋಡಿ ಆಗಿದೆ. ಗಣಪತಿ ಹಬ್ಬಕ್ಕೆ ಒಂದು ಕಡೆ ಹಿಂದಿನ ದಿನವೇ ಹೇಳಿ, ದುಡ್ಡೂ ಕೊಟ್ಟಿದ್ದೆವು. ಎಂಟಕ್ಕೆ ಎಂದವರು ಹತ್ತೂಕಾಲಿಗೆ ಕೊಟ್ಟರು. ಇಡ್ಲಿ ತಣ್ಣಗೆ, ಸಾಂಬಾರು ಅರ್ಧ ಚೀಲದಲ್ಲೇ ಸೋರಿತ್ತು. ಹಬ್ಬದ ದಿನ ಅವರ ಅಡುಗೆಯವರಿಗೂ ಹಬ್ಬ ಅಲ್ವಾ, ಬೈಯುವುದಕ್ಕೂ ಮನಸ್ಸಾಗಲಿಲ್ಲ.

ಮಾಳಮಡ್ಡಿ ಓಣಿ

ಕೇಶ್ವಾಪುರದವರೇ, ನಿಮ್ಮ ಕಷ್ಟ ತಿಂಡಿಯದಲ್ಲ, ಒಲೆಯದು. ಒಲೆ ಬೇಡದ ನಾಷ್ಟಾ ಧಾರವಾಡದ ಮನೆಗಳಲ್ಲಿ ಹಿಂದಿನಿಂದ ಇದೆ. ಹಚ್ಚಿದ ಅವಲಕ್ಕಿ.

ನಮ್ಮ ಮನೆಯಲ್ಲಿ ಮಾಡುವುದು ಹೀಗೆ. ತೆಳು ಅವಲಕ್ಕಿ ತನ್ನಿ, ಪೇಪರ್ ಅವಲಕ್ಕಿ ಅನ್ನುತ್ತಾರಲ್ಲ, ಅದೇ. ಹಿಂದಿನ ದಿನ ಜರಡಿ ಹಿಡಿದು ಪುಡಿ ತೆಗೆಯಿರಿ. ಬಿಸಿಲಿದ್ದರೆ ಒಂದು ಗಂಟೆ ಬಿಸಿಲಿಗೆ ಹರಡಿ, ಇಲ್ಲದಿದ್ದರೆ ದಪ್ಪ ತಳದ ಬೋಗುಣಿಯಲ್ಲಿ ಸಣ್ಣ ಉರಿಯ ಮೇಲೆ ಕೈಯಾಡಿಸಿ. ಬೆರಳಿನಲ್ಲಿ ಹಿಡಿದು ಮುರಿದರೆ ಚಟ್ ಅನ್ನಬೇಕು. ಆರಿದ ಮೇಲೆ ಡಬ್ಬಿಗೆ ತುಂಬಿ ಬಿಗಿಯಾಗಿ ಮುಚ್ಚಿಡಿ.

ಬೆಳಗ್ಗೆ ಬುಟ್ಟಿಯಲ್ಲಿ ಅವಲಕ್ಕಿ ಹಾಕಿ, ಮೇಲೆ ಹಸಿ ಶೇಂಗಾ ಎಣ್ಣೆ ಬಿಟ್ಟು ಎರಡೂ ಕೈಯಿಂದ ಹಗುರವಾಗಿ ಹಚ್ಚಿ. ಎಣ್ಣೆ ಎಲ್ಲಾ ಕಡೆ ಹತ್ತಿದ ಮೇಲೆ ಮೆಂತ್ಯಹಿಟ್ಟು, ಖಾರಪುಡಿ, ಉಪ್ಪು, ಚೂರು ಸಕ್ಕರೆ. ಎಣ್ಣೆಗಿಂತ ಮೊದಲು ಪುಡಿ ಹಾಕಿದರೆ ಅದು ತಳಕ್ಕೆ ಇಳಿಯುತ್ತದೆ, ಮೇಲಿನದು ಸಪ್ಪೆ, ಕೆಳಗಿನದು ಕಹಿ. ಕೊನೆಗೆ ಹಸಿ ಕೊಬ್ಬರಿ, ಕೊತ್ತಂಬರಿ. ಉಳ್ಳಾಗಡ್ಡಿ ಹಾಕುವವರು ಹಾಕುತ್ತಾರೆ, ನಿಮಗೆ ಬೇಡ. ಹುರಿದ ಶೇಂಗಾ ಜಾಸ್ತಿ ಹಾಕಿ, ಅದೇ ಸಾಕು.

ಒಂದು ಮಾತು ನೆನಪಿಡಿ. 14 ಜನರದ್ದನ್ನು ಒಟ್ಟಿಗೆ ಹಚ್ಚಬೇಡಿ. ಕೊಬ್ಬರಿ ಬಿದ್ದ ಮೇಲೆ ಅರ್ಧ ಗಂಟೆಯಲ್ಲಿ ಮೆತ್ತಗಾಗುತ್ತದೆ. ಮೂರು ಜನ ಬಂದರೆ ಮೂರು ಜನರಿಗಾಗುವಷ್ಟು. ಎರಡು ನಿಮಿಷದ ಕೆಲಸ, ಹತ್ತು ವರ್ಷದ ಹುಡುಗನೂ ಮಾಡುತ್ತಾನೆ.

ಬೆಂಗಳೂರಿನಲ್ಲಿರುವ ಧಾರವಾಡದವ

ಮೆಂತ್ಯಹಿಟ್ಟು ಅಂದಿರಲ್ಲ, ಮಾಳಮಡ್ಡಿಯವರೇ, ಬಾಯಲ್ಲಿ ನೀರು ಬಂತು. ಇಲ್ಲಿ ಅಂಗಡಿಯಲ್ಲಿ ಕೇಳಿದರೆ ಮೆಂತ್ಯದ ಪುಡಿ ಕೊಡುತ್ತಾರೆ. ಬರೀ ಕಹಿ. ಮನೆಯಲ್ಲಿ ಮಾಡುವುದು ಹೇಗೆ?

ಮಾಳಮಡ್ಡಿ ಓಣಿ

ಕಡಲೆಬೇಳೆ, ಉದ್ದಿನಬೇಳೆ ಜಾಸ್ತಿ, ಗೋಧಿ ಮತ್ತು ಅಕ್ಕಿ ಸ್ವಲ್ಪ, ಕೊತ್ತಂಬರಿ ಬೀಜ, ಜೀರಿಗೆ, ಮೆಂತ್ಯ ಎರಡೇ ಚಮಚ, ಅರಿಶಿನ, ಇಂಗು. ಎಣ್ಣೆ ಹಾಕದೆ ಒಂದೊಂದನ್ನೂ ಬೇರೆ ಬೇರೆ ಹುರಿದು, ಆರಿಸಿ, ನುಣ್ಣಗೆ ಬೀಸಬೇಕು. ಮೆಂತ್ಯ ಹೆಸರಿಗೆ ಮಾತ್ರ, ಮೈಯೆಲ್ಲಾ ಬೇಳೆ. ಬಿಸಿ ಅನ್ನಕ್ಕೆ ತುಪ್ಪದ ಜೊತೆ ಕಲಸಿಕೊಂಡರೂ ನಡೆಯುತ್ತದೆ.

ಉಣಕಲ್ ದಂಡೆ

ಅವಲಕ್ಕಿ ಬೇಡ ಅನ್ನುವುದಿಲ್ಲ. ಆದರೆ ರಾತ್ರಿಯೆಲ್ಲಾ ರೈಲಿನಲ್ಲಿ ಕೂತು ಬಂದವರಿಗೆ ಬಿಸಿ ಏನಾದರೂ ಬೇಕು. ಸೂಸಲಾ ಮಾಡಿ, ನಾನು ಹೇಳುವ ರೀತಿ.

ಒಗ್ಗರಣೆಯನ್ನು ರಾತ್ರಿಯೇ ಮುಗಿಸಿಬಿಡಿ. ದೊಡ್ಡ ಬಾಣಲೆಯಲ್ಲಿ ಎಣ್ಣೆ, ಸಾಸಿವೆ, ಜೀರಿಗೆ, ಶೇಂಗಾ, ಕರಿಬೇವು, ಹಸಿಮೆಣಸಿನಕಾಯಿ, ಅರಿಶಿನ. ಟೊಮೆಟೊ ಹಾಕುವುದಾದರೆ ನೀರು ಇಂಗಿ ಎಣ್ಣೆ ಬಿಡುವವರೆಗೆ ಬಾಡಿಸಿ. ಆರಿದ ಮೇಲೆ ಮುಚ್ಚಿ ಫ್ರಿಜ್‌ನಲ್ಲಿಡಿ. ಪುಟಾಣಿ, ಅಂದರೆ ಹುರಿಗಡಲೆಯನ್ನು ಮಿಕ್ಸರ್‌ಗೆ ಹಾಕಿ ಹಿಟ್ಟು ಮಾಡಿ ಡಬ್ಬಿಯಲ್ಲಿಡಿ. ರಾತ್ರಿಯ ಕೆಲಸ ಇಷ್ಟೇ.

ಬೆಳಗ್ಗೆ ನಾಲ್ಕು ಜನ ಬಂದರೆ ಸೌಟಿನಲ್ಲಿ ನಾಲ್ಕು ಜನರ ಒಗ್ಗರಣೆ ಬಾಣಲೆಗೆ. ಅದು ಬಿಸಿಯಾಗುವುದರೊಳಗೆ ಚುರುಮುರಿಯನ್ನು ನೀರಿಗೆ ಹಾಕಿ, ಅಂಗೈಯಿಂದ ಒಮ್ಮೆ ಒಳಗೆ ಒತ್ತಿ, ತಕ್ಷಣ ಬೊಗಸೆಯಲ್ಲಿ ತೆಗೆದು ಹಿಂಡಿ. ಹಿಂಡುವಾಗ ಮುಷ್ಟಿ ಪೂರ್ತಿ ಬಿಗಿಯಬಾರದು, ನೀರು ಬೆರಳ ಸಂದಿಯಿಂದ ಇಳಿದರೆ ಸಾಕು. ನಂತರ ಬಾಣಲೆಗೆ ಹಾಕಿ, ಉರಿ ಸಣ್ಣ ಮಾಡಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿ ತಿರುವಿ. ಹೆಚ್ಚಿಗೆ ಉಳಿದ ನೀರನ್ನು ಆ ಹಿಟ್ಟು ಎಳೆದುಕೊಳ್ಳುತ್ತದೆ, ಅದಕ್ಕೇ ಸೂಸಲಾ ಉದುರುದುರಾಗಿ ಬರುತ್ತದೆ. ಲಿಂಬೆಹಣ್ಣು ಕೆಳಗಿಳಿಸಿದ ಮೇಲೆ.

ಉಪ್ಪು ಕೈಬಿಗಿದು ಹಾಕಿ. ಚುರುಮುರಿ ಹುರಿಯುವಾಗಲೇ ಉಪ್ಪು ಬಿದ್ದಿರುತ್ತದೆ.

ಗದಗಿನವಳು

ಉಣಕಲ್‌ನವರು ಹೇಳಿದ್ದು ಸರಿ, ಆದರೆ ನಮ್ಮೂರಲ್ಲಿ ಅದಕ್ಕೆ ಒಗ್ಗರಣಿ ಅನ್ನುತ್ತೇವೆ, ಜೊತೆಗೆ ಮಿರ್ಚಿ ಇಲ್ಲದಿದ್ದರೆ ತಟ್ಟೆ ಮುಂದೆ ಯಾರೂ ಕೂರುವುದಿಲ್ಲ. ಬೆಳಗ್ಗೆ ಬೆಳಗ್ಗೆಯೇ ಒಗ್ಗರಣಿ, ಮಿರ್ಚಿ, ಮೇಲೊಂದು ಚಹಾ. ಮನೆಗೆ ಬಂದ ಗದಗಿನ ನಾದಿನಿಗೆ ಇಷ್ಟು ಕೊಟ್ಟರೆ ವರ್ಷವೆಲ್ಲಾ ನಿಮ್ಮ ಹೆಸರು ಹೇಳುತ್ತಾಳೆ.

ಕೇಶ್ವಾಪುರದ ಸೊಸೆ

ಅಯ್ಯೋ, ಮಿರ್ಚಿ ಕರಿಯುತ್ತಾ ನಿಂತರೆ ಮತ್ತೆ ಅದೇ ಕಥೆ ಅಲ್ವಾ?

ಗದಗಿನವಳು

ನಿಮ್ಮನ್ನು ಕರಿಯಲು ಹೇಳಿದವರು ಯಾರು? ಅಂಗಳದಲ್ಲಿ ಇನ್ನೊಂದು ಒಲೆ ಇಡಿ. ಸಿಂಗಲ್ ಬರ್ನರ್ ಸಾಕು. ನಿಮ್ಮ ಯಜಮಾನರನ್ನೂ ಮೈದುನನನ್ನೂ ಅಲ್ಲಿ ಕೂರಿಸಿ. ಹಿಟ್ಟು ಕಲಸಿ ಕೊಡುವುದಷ್ಟೇ ನಿಮ್ಮ ಕೆಲಸ. ಕಡಲೆಹಿಟ್ಟು, ಅಜವಾನ, ಜೀರಿಗೆ, ಉಪ್ಪು, ಚಿಟಿಕೆ ಸೋಡಾ. ಹಿಟ್ಟು ಮೆಣಸಿನಕಾಯಿಗೆ ಕೋಟು ಹಾಕಿದಂತೆ ಕೂರಬೇಕು, ಜಾರಬಾರದು.

ನಮ್ಮ ಮನೆಯಲ್ಲಿ ಹಬ್ಬದ ಮಿರ್ಚಿ ಗಂಡಸರದ್ದೇ. ಮೊದಮೊದಲು ಎಣ್ಣೆ ಕಾಯುವ ಮೊದಲೇ ಬಿಡುತ್ತಿದ್ದರು. ಈಗ ನಮಗೇ ಬುದ್ಧಿ ಹೇಳುತ್ತಾರೆ.

ಹಳೇ ಹುಬ್ಬಳ್ಳಿ ಹಿರಿಯ

ಗಂಡಸರ ಮೇಲೆ ಎಲ್ಲಾ ಹಾಕಿದ್ದೀರಿ, ಆಗಲಿ. ಮಿರ್ಚಿ ಕರಿಯಲು ನಾನು ತಯಾರು. ಆದರೆ ನನ್ನ ಪ್ರಶ್ನೆ ಬೇರೆ. ಹಬ್ಬದ ದಿನ ನೈವೇದ್ಯಕ್ಕೆ ಮುಂಚೆ ತಿನ್ನುವುದು ಯಾವಾಗಿಂದ ಶುರುವಾಯಿತು? ನಮ್ಮ ಕಾಲದಲ್ಲಿ ಪೂಜೆ ಮುಗಿದು ಎಲೆ ಹಾಕುವವರೆಗೆ ಚಹಾ ಬಿಟ್ಟರೆ ಬೇರೇನಿಲ್ಲ. ಈಗ ನೋಡಿದರೆ ದೇವರಿಗಿಂತ ಮೊದಲು ಸೂಸಲಾ, ಮಿರ್ಚಿ.

ಮುರುಘಾಮಠ ರಸ್ತೆ

ಅದು ಒಂದೊಂದು ಮನೆಯಲ್ಲಿ ಒಂದೊಂದು ಥರ. ನಮ್ಮದು ಲಿಂಗಾಯತರ ಮನೆ. ಸ್ನಾನ ಆಯಿತು, ಲಿಂಗಪೂಜೆ ಮಾಡಿಕೊಂಡರು, ತಿಂದರು. ಒಬ್ಬರಿಗಾಗಿ ಎಲ್ಲರೂ ಕಾಯುವ ಪದ್ಧತಿ ನಮ್ಮಲ್ಲಿ ಇಲ್ಲ. ಲಕ್ಷ್ಮೀಪೂಜೆ ಇರುವುದೇ ಸಂಜೆ, ಅಲ್ಲಿಯವರೆಗೆ ಹಸಿದು ಕೂತರೆ ಅಂಗಡಿ ಪೂಜೆಗೆ ಹೋಗುವ ಹೊತ್ತಿಗೆ ತಲೆ ತಿರುಗುತ್ತದೆ.

ಮಾಳಮಡ್ಡಿ ಓಣಿ

ನಮ್ಮಲ್ಲಿ ನೈವೇದ್ಯ ಆಗಬೇಕು. ಅದಕ್ಕೂ ದಾರಿ ಇದೆ. ಅವಲಕ್ಕಿಯನ್ನೇ ಬೆಲ್ಲ, ಹಾಲು ಹಾಕಿ ಮೀಸಲು ತೆಗೆದು, ಬೆಳಗಿನ ಆರತಿ ಆದ ಕೂಡಲೇ ನೈವೇದ್ಯ ಮಾಡಿಬಿಡುತ್ತೇವೆ. ಅದೇ ಫರಾಳ. ಅವಲಕ್ಕಿ, ಚಕ್ಕುಲಿ, ಕರಚಿಕಾಯಿ, ಉಂಡಿ ಒಂದೊಂದು ಎಲ್ಲರ ತಟ್ಟೆಗೆ. ಮಧ್ಯಾಹ್ನದ ದೊಡ್ಡ ನೈವೇದ್ಯ ಆಮೇಲೆ. ಹಿರಿಯರು ಬೇಕಾದರೆ ಕಾಯಲಿ, ಸಣ್ಣವರು ಕಾಯುವುದು ಬೇಡ.

ರಾತ್ರಿ ಪಾಳಿ

ಹಿರಿಯರು ಕಾಯಲಿ ಅಂದಿರಲ್ಲ, ಅಲ್ಲೇ ಸ್ವಲ್ಪ ತಡೆಯಿರಿ. ನಾನು ಹುಬ್ಬಳ್ಳಿಯಲ್ಲಿ ನರ್ಸ್. ಹಬ್ಬದ ದಿನಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಶುಗರ್ ಇಳಿದು ಬರುವ ಅಜ್ಜ, ಅಜ್ಜಿಯರನ್ನು ನೋಡುವವಳು ನಾನು. ಬೆಳಗ್ಗೆ ಮಾತ್ರೆ ನುಂಗಿರುತ್ತಾರೆ, ಪೂಜೆ ಅಂತ ಏನೂ ತಿಂದಿರುವುದಿಲ್ಲ. ಒಂದು ಗಂಟೆಗೆ ಬೆವರು, ಕೈನಡುಕ, ಮಾತು ತೊದಲು. ಮನೆಯವರು ಬಿಪಿ ಅಂದುಕೊಂಡಿರುತ್ತಾರೆ.

ಮೆಟ್‌ಫಾರ್ಮಿನ್ ಒಂದೇ ತೆಗೆದುಕೊಳ್ಳುವವರಲ್ಲಿ ಇದು ಅಪರೂಪ. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ಇರುವವರು ಹೊತ್ತಿಗೆ ತಿನ್ನಲೇಬೇಕು. ಉಪವಾಸ ಮಾಡಲೇಬೇಕೆಂದರೆ ಹಬ್ಬಕ್ಕೆ ಮುಂಚೆಯೇ ಡಾಕ್ಟರನ್ನು ಕೇಳಿ ಡೋಸ್ ಬದಲಿಸಿಕೊಳ್ಳಿ. ಮಾತ್ರೆ ನುಂಗಿ ಹಸಿದು ಕೂರಬೇಡಿ, ತಾವೇ ಮಾತ್ರೆ ಬಿಡಲೂ ಬೇಡಿ. ಮೀಟರ್‌ನಲ್ಲಿ 70ಕ್ಕಿಂತ ಕಡಿಮೆ ಬಂದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ಇಲ್ಲದವರ ಬಾಯಿಗೆ ಏನೂ ಹಾಕಬಾರದು, ಸೀದಾ ಆಸ್ಪತ್ರೆಗೆ.

ಇನ್ನೊಂದು. ಕೇಶ್ವಾಪುರದವರ ಅತ್ತೆಗೆ ತಟ್ಟೆ ತುಂಬ ಸೂಸಲಾ ಬೇಡ. ಚುರುಮುರಿ ಬೇಗ ಜೀರ್ಣ ಆಗುತ್ತದೆ, ಶುಗರ್ ಅಷ್ಟೇ ಬೇಗ ಏರುತ್ತದೆ. ಮಡಕಿಕಾಳು ಮೊಳಕೆ ಕಟ್ಟಿ ಉಸಳಿ ಮಾಡಿ, ಜೊತೆಗೆ ಅರ್ಧ ಜೋಳದ ರೊಟ್ಟಿ. ಮಧ್ಯಾಹ್ನ ಹೋಳಿಗೆ ಹೇಗೂ ಬಿಡುವುದಿಲ್ಲ ಅವರು.

ಹಳೇ ಹುಬ್ಬಳ್ಳಿ ಹಿರಿಯ

ತಂಗಿ, ನನಗೂ ಅದೇ ಮಾತ್ರೆ. ಈ ಮಾತು ನಮ್ಮನೆಯಾಕೆ ಕಣ್ಣಿಗೆ ಬೀಳದಿರಲಿ.

ರಾತ್ರಿ ಪಾಳಿ

ಬಿದ್ದರೆ ಒಳ್ಳೆಯದು. ತಿನ್ನಿ, ದೇವರೇನೂ ಅನ್ನುವುದಿಲ್ಲ.

ಶಿಗ್ಗಾವಿ ಹೊಲದ ಕಡೆ

ನಾನು ಹಾವೇರಿ ಜಿಲ್ಲೆಯವನು. ಇಷ್ಟೊತ್ತು ಓದಿದ ಮೇಲೆ ಅನ್ನಿಸಿದ್ದು: ನಮ್ಮ ಹಿರಿಯರು ಈ ಗಡಿಬಿಡಿಗೆ ಆಗಲೇ ದಾರಿ ಮಾಡಿಟ್ಟಿದ್ದಾರೆ, ನಾವು ಅದನ್ನು ಪಂಚಮಿಗಷ್ಟೇ ಇಟ್ಟುಕೊಂಡಿದ್ದೇವೆ.

ನಾಗರ ಪಂಚಮಿಗೆ ನಮ್ಮಲ್ಲಿ ಹಂಚು ಇಡುವುದಿಲ್ಲ, ಕರಿಯುವುದಿಲ್ಲ. ಹಾಗಂತ ಯಾರೂ ಹಸಿದಿರುವುದಿಲ್ಲ. ಮುಂಚಿನ ದಿನ ರೊಟ್ಟಿ ಹಬ್ಬ. ಜೋಳದ ರೊಟ್ಟಿ, ಸಜ್ಜಿ ರೊಟ್ಟಿ ಎಳ್ಳು ಹಚ್ಚಿ ತಟ್ಟಿ, ಕಡಕ್ ಮಾಡಿ, ಬುಟ್ಟಿಯಲ್ಲಿ ಪೇರಿಸುತ್ತಾರೆ. ಕಾಳುಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ. ಓಣಿಯ ಮನೆಮನೆಗೆ ರೊಟ್ಟಿ ಹಂಚುತ್ತಾರೆ, ಅವರ ಮನೆಯದು ನಮಗೆ ಬರುತ್ತದೆ. ಉಂಡಿಗಳು ಅದಕ್ಕೂ ಮುಂಚೆ: ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ, ರವೆ ಉಂಡಿ. ಜೋಳದ ಅಳ್ಳು ಹುರಿದಿಟ್ಟಿರುತ್ತಾರೆ. ಪಂಚಮಿ ಬೆಳಗ್ಗೆ ಹಾಲೆರೆದು ಬಂದವರು ಅಳ್ಳು, ಉಂಡಿ, ಮೊಸರು, ರೊಟ್ಟಿ ತಿಂದು ಜೋಕಾಲಿಗೆ ಓಡುತ್ತಾರೆ. ಅಡುಗೆಮನೆಯಲ್ಲಿ ಯಾರೂ ಇರುವುದೇ ಇಲ್ಲ.

ದೀಪಾವಳಿಗೂ ಹಾಗೇ ಮಾಡಿದರೆ ಯಾರು ಬೇಡ ಅನ್ನುತ್ತಾರೆ? ಬುಟ್ಟಿ ತುಂಬ ಕಡಕ್ ರೊಟ್ಟಿ, ನಾಲ್ಕು ಚಟ್ನಿಪುಡಿ, ಗಟ್ಟಿ ಮೊಸರು, ಬೆಣ್ಣೆ. ಮೇಜಿನ ಮೇಲಿಡಿ. ಎದ್ದವರು ತಿನ್ನಲಿ.

ಬೆಂಗಳೂರಿನಲ್ಲಿರುವ ಧಾರವಾಡದವ

ಊರಿಗೆ ಬರುವವನ ಮಾತನ್ನೂ ಕೇಳಿ. ಬೆಂಗಳೂರಿನಲ್ಲಿ ದಿನಾ ಇಡ್ಲಿ, ದೋಸೆ ತಿಂದೇ ಬಂದಿರುತ್ತೇವೆ. ರೈಲಿನಿಂದ ಇಳಿದವನ ಮುಂದೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಬೆಣ್ಣೆ ಇಟ್ಟರೆ ಅದೇ ಹಬ್ಬ. ನಮಗಾಗಿ ಏನೋ ವಿಶೇಷ ಮಾಡಬೇಕು ಅಂತ ಅತ್ತಿಗೆ, ಅವ್ವ ಒದ್ದಾಡುವುದು ನೋಡಿದರೆ ತಿಂದದ್ದು ಗಂಟಲಲ್ಲಿ ಇಳಿಯುವುದಿಲ್ಲ.

ಕೇಶ್ವಾಪುರದ ಸೊಸೆ

ಈ ಮಾತನ್ನು ನನ್ನ ಮೈದುನನ ಬಾಯಿಂದ ಕೇಳಬೇಕಿತ್ತು. ಅವರು ಪಡ್ಡು ಕೇಳುತ್ತಾರೆ.

ಸವಣೂರ ಖಾರಾ

ನಮ್ಮ ಹಬ್ಬದ ಮುಂಜಾನೆಯನ್ನೂ ಸೇರಿಸಿಕೊಳ್ಳಿ. ರಂಜಾನ್ ಈದ್ ದಿನ ಗಂಡಸರು ಬೆಳಗ್ಗೆಯೇ ಈದ್ಗಾಕ್ಕೆ ನಮಾಜಿಗೆ ಹೋಗಬೇಕು. ಹೋಗುವ ಮೊದಲು ಖರ್ಜೂರವನ್ನೋ ಬೇರೆ ಸಿಹಿಯನ್ನೋ ಬಾಯಿಗೆ ಹಾಕಿಕೊಂಡೇ ಹೋಗುವುದು ಪದ್ಧತಿ, ಆ ದಿನ ಉಪವಾಸ ಇಲ್ಲ ಅಂತ. ವಾಪಸ್ ಬರುವಷ್ಟರಲ್ಲಿ ಮನೆಗೆ ಜನ ಶುರು. ಅಕ್ಕಪಕ್ಕದವರು, ಆಫೀಸಿನವರು, ಮಕ್ಕಳ ಗೆಳೆಯರು, ಮಧ್ಯಾಹ್ನದವರೆಗೆ ಬರುತ್ತಲೇ ಇರುತ್ತಾರೆ. ಎಲ್ಲರಿಗೂ ಸುರಕುಂಬಾ.

ಅಮ್ಮಿ ಮಾಡುವುದನ್ನು ನೋಡಿ ಕಲಿತದ್ದು ಹೇಳುತ್ತೇನೆ. ಸಣ್ಣ ಶಾವಿಗೆಯನ್ನು ತುಪ್ಪದಲ್ಲಿ ಮುಂಚಿನ ದಿನವೇ ಕೆಂಪಗೆ ಹುರಿದಿಡುತ್ತಾರೆ. ಉತ್ತತ್ತಿ, ಬಾದಾಮಿ, ಪಿಸ್ತಾ ರಾತ್ರಿ ನೆನೆಸಿ, ಚಾಂದ್‌ರಾತ್ ದಿನ ಮನೆಯವರೆಲ್ಲ ಕೂತು ಮಾತಾಡುತ್ತಾ ತೆಳ್ಳಗೆ ಹೆಚ್ಚುತ್ತಾರೆ. ಬೆಳಗ್ಗೆ ದೊಡ್ಡ ಪಾತ್ರೆಯಲ್ಲಿ ಹಾಲು ಕಾಯಿಸಿ ಹೆಚ್ಚಿದ್ದೆಲ್ಲ ಹಾಕುತ್ತಾರೆ. ಶಾವಿಗೆ ಮಾತ್ರ ಪೂರ್ತಿ ಹಾಕುವುದಿಲ್ಲ, ಜನ ಬಂದಂತೆ ಸ್ವಲ್ಪ ಸ್ವಲ್ಪ. ಇಲ್ಲದಿದ್ದರೆ ಹತ್ತು ಗಂಟೆಗೆ ಅದು ಸುರಕುಂಬಾ ಅಲ್ಲ, ಹಲ್ವಾ.

ಮಾಳಮಡ್ಡಿ ಓಣಿ

ಸರಿಯಾಗಿ ಹೇಳಿದಿರಿ! ನನ್ನ ಅವಲಕ್ಕಿಯದ್ದೂ ಇದೇ ಲೆಕ್ಕ.

ವಿದ್ಯಾನಗರದ ಅವಳಿ ಮಕ್ಕಳ ತಾಯಿ

ಮಕ್ಕಳ ಬಗ್ಗೆ ಯಾರೂ ಮಾತಾಡುತ್ತಿಲ್ಲ. ನನ್ನವರು ಅವಲಕ್ಕಿಯನ್ನೂ ಮುಟ್ಟುವುದಿಲ್ಲ, ಸೂಸಲಾವನ್ನೂ ಮುಟ್ಟುವುದಿಲ್ಲ. ಪಟಾಕಿ ಅಂತ ಓಡುತ್ತಾರೆ. ಹುಬ್ಬಳ್ಳಿಯ ರಂಗಪಂಚಮಿ ದಿನವಂತೂ ಏನೂ ತಿನ್ನದೆ ಬಣ್ಣ ಆಡಲು ಹೋಗಿ, ಕೈಬಾಯೆಲ್ಲಾ ಬಣ್ಣ ಮಾಡಿಕೊಂಡು ಬಂದು ಹಸಿವು ಅನ್ನುತ್ತಾರೆ. ಅವರಿಗೇನು ಕೊಡುವುದು?

ಗದಗಿನವಳು

ಪಡ್ಡು. ಕೈಯಲ್ಲಿ ಹಿಡಿದು ಓಡಬಹುದು. ಮೂರು ಪಾಲು ಅಕ್ಕಿ, ಒಂದು ಪಾಲು ಉದ್ದಿನಬೇಳೆ, ಚಮಚ ಮೆಂತ್ಯ, ರುಬ್ಬುವಾಗ ಹಿಡಿ ಅವಲಕ್ಕಿ. ದೀಪಾವಳಿ ಹೊತ್ತಿಗೆ ಧಾರವಾಡದ ಕಡೆ ರಾತ್ರಿ ಚಳಿ ಶುರುವಾಗಿರುತ್ತದೆ, ಹಿಟ್ಟು ಬೇಗ ಹುಳಿ ಬರುವುದಿಲ್ಲ. ಸಂಜೆ ಆರಕ್ಕೇ ರುಬ್ಬಿ ಒಲೆಯ ಪಕ್ಕದಲ್ಲಿಡಿ. ಉಳ್ಳಾಗಡ್ಡಿ ಬೇಡದಿದ್ದರೆ ತುರಿದ ಗಜ್ಜರಿ, ಕೊಬ್ಬರಿ ಹಾಕಿ. ಅರ್ಧ ಹಿಟ್ಟಿಗೆ ಬೆಲ್ಲ, ಯಾಲಕ್ಕಿ ಹಾಕಿದರೆ ಸಿಹಿ ಪಡ್ಡು, ಪೂಜೆಗೂ ಆಯಿತು.

ಉಣಕಲ್ ದಂಡೆ

14 ಜನರಿಗೆ ಪಡ್ಡು ಮಾಡಿದರೆ ಸೊಸೆ ಮತ್ತೆ ಒಲೆಯ ಮುಂದೆಯೇ. ಒಂದು ಮಣೆಗೆ 12, ಒಬ್ಬ ಹುಡುಗನಿಗೆ 8. ಲೆಕ್ಕ ಹಾಕಿ.

ಗದಗಿನವಳು

ಮಕ್ಕಳಿಗೆ ಮಾತ್ರ ಅಂದೆ ನಾನು. ಮೈದುನರಿಗೆ ಪಡ್ಡು ಬೇಕಾದರೆ ಅಂಗಳದಲ್ಲಿ ಒಲೆ ಇದೆಯಲ್ಲ, ಮಣೆಯನ್ನು ಅವರ ಕೈಗೇ ಕೊಡಿ.

ಬ್ಯಾಡಗಿ ರಸ್ತೆ

ಮಕ್ಕಳ ಖಾರದ ವಿಷಯಕ್ಕೆ ಒಂದು ಮಾತು. ಕೆಂಪು ಚಟ್ನಿ ಅಂದ ಕೂಡಲೇ ಹೆದರಬೇಡಿ. ರಂಜಕ, ಅಂದರೆ ಕೆಂಪು ಮೆಣಸಿನಕಾಯಿಯ ಖಾರದ ಚಟ್ನಿ, ದೊಡ್ಡವರಿಗಿರಲಿ. ಮಕ್ಕಳಿಗೆ ನಮ್ಮ ಬ್ಯಾಡಗಿ ಡಬ್ಬಿ ಮೆಣಸಿನಕಾಯಿ ತನ್ನಿ. ಬಣ್ಣ ಜಾಸ್ತಿ, ಖಾರ ಕಡಿಮೆ, 2011ರಲ್ಲಿ ಜಿಐ (ಭೌಗೋಳಿಕ ಸೂಚಿಕೆ) ಮಾನ್ಯತೆಯೂ ಸಿಕ್ಕಿದೆ. ಬೀಜ ತೆಗೆದು ಬಿಸಿನೀರಿನಲ್ಲಿ ನೆನೆಸಿ, ಕೊಬ್ಬರಿ, ಪುಟಾಣಿ, ಚೂರು ಬೆಲ್ಲ, ಹುಣಸೆಹಣ್ಣು ಹಾಕಿ ರುಬ್ಬಿ. ನೋಡಲು ಕೆಂಪು, ತಿನ್ನಲು ಮೆತ್ತಗೆ. ನಮ್ಮಲ್ಲಿ ಮೂರು ವರ್ಷದ ಕೂಸೂ ನೆಕ್ಕುತ್ತದೆ. ಕೊಳ್ಳುವಾಗ ಮೈ ಸುಕ್ಕು ಇರುವುದನ್ನು ನೋಡಿ ಕೊಳ್ಳಿ, ನುಣುಪಾಗಿ ಮಿಂಚುವುದು ಡಬ್ಬಿ ಅಲ್ಲ.

ಸಪ್ತಾಪುರದ ಬಾಡಿಗೆದಾರ

ಅಂದರೆ ಉಪ್ಪಿಟ್ಟಿಗೆ ಯಾರೂ ವೋಟು ಹಾಕುವುದಿಲ್ಲ ಅಂತಾಯಿತು.

ಶಿಗ್ಗಾವಿ ಹೊಲದ ಕಡೆ

ಉಪ್ಪಿಟ್ಟು ದಿನಾ ಇದ್ದದ್ದೇ. ತಣ್ಣಗಾದರೆ ಗಟ್ಟಿ. ಹಬ್ಬಕ್ಕೆ ಯಾಕೆ ಅದು?

ಮುರುಘಾಮಠ ರಸ್ತೆ

ಉಪ್ಪಿಟ್ಟಿನ ಪರ ನಾನಿದ್ದೇನೆ. ಜೊತೆಗೆ ಶಿರಾ ಇದ್ದರೆ ಮಾತ್ರ. ಗಟ್ಟಿಯಾಗುವುದು ನೀರು ಕಡಿಮೆ ಹಾಕಿದ್ದಕ್ಕೆ. ಒಂದು ಪಾಲು ಹುರಿದ ರವೆಗೆ ಮೂರು ಪಾಲು ನೀರು, ಇಳಿಸುವಾಗ ತುಪ್ಪ, ಮೇಲೆ ಮುಚ್ಚಳ. ಒಂದು ಗಂಟೆ ಮೆತ್ತಗಿರುತ್ತದೆ, ಹಲ್ಲಿಲ್ಲದ ಮಾವನಿಗೂ ಸರಿಯಾಗುತ್ತದೆ.

ಹಳೇ ಹುಬ್ಬಳ್ಳಿ ಹಿರಿಯ

ಹಲ್ಲಿಲ್ಲದವರಿಗೆ ಮೊಸರವಲಕ್ಕಿ. ಅನುಭವದ ಮಾತು. ಮಧ್ಯಮ ಅವಲಕ್ಕಿ ತೊಳೆದು, ಹತ್ತು ನಿಮಿಷ ಬಿಟ್ಟು, ಮೊಸರು, ಸ್ವಲ್ಪ ಹಾಲು, ಮೇಲೆ ಇಂಗಿನ ಒಗ್ಗರಣೆ. ಹಾಲು ಹಾಕಿದರೆ ಎರಡು ತಾಸು ಇಟ್ಟರೂ ಹುಳಿಯಾಗುವುದಿಲ್ಲ.

ಅಂದಹಾಗೆ ನಮ್ಮ ಧಾರವಾಡ ಜಿಲ್ಲೆ 1997ರಲ್ಲಿ ಧಾರವಾಡ, ಗದಗ, ಹಾವೇರಿ ಅಂತ ಮೂರು ಆಯಿತು. ನಾಷ್ಟಾದ ಜಗಳ ನೋಡಿದರೆ ಮಾಡಿದ್ದೇ ಸರಿ ಅನ್ನಿಸುತ್ತದೆ!

ಶಿಗ್ಗಾವಿ ಹೊಲದ ಕಡೆ

ಹಿರಿಯರೇ, ಸೀಗಿ ಹುಣ್ಣಿಮೆಗೆ ನಮ್ಮ ಹೊಲಕ್ಕೆ ಬನ್ನಿ, ಜಗಳ ತೀರುತ್ತದೆ. ಚರಗ, ಅಂದರೆ ಎಡೆಯ ಅಡುಗೆಯನ್ನು ಹೊಲದಲ್ಲಿ ಚೆಲ್ಲಲು ಹೋಗುವ ಬುತ್ತಿಯಲ್ಲಿ ಮೂರೂ ಜಿಲ್ಲೆಯದ್ದು ಇರುತ್ತದೆ. ರೊಟ್ಟಿ, ಪುಂಡಿಪಲ್ಯ, ಮೊಸರು ಬುತ್ತಿ, ಕಡುಬು, ಎಳ್ಳು ಹೋಳಿಗೆ, ಶೇಂಗಾ ಹೋಳಿಗೆ. ಆ ದಿನ ಬೆಳಗ್ಗೆ ಬೇರೆ ನಾಷ್ಟಾ ಮಾಡುವುದೇ ಇಲ್ಲ. ಬುತ್ತಿ ಕಟ್ಟುವಾಗ ಕೈಗೆ ಸಿಕ್ಕಿದ್ದು ಬಾಯಿಗೆ ಹಾಕಿಕೊಂಡು ಗಾಡಿ ಹತ್ತುವುದು. ಭೂಮಿತಾಯಿಗೆ ಎಡೆಯಾದ ಮೇಲೆ ಬದುವಿನ ಮೇಲೆ ಕೂತು ಊಟ.

ರಾತ್ರಿ ಪಾಳಿ

ಮೊಸರು ಬುತ್ತಿ ಅಂದ ಮೇಲೆ ನೆನಪಾಯಿತು. ಕೇಶ್ವಾಪುರದವರೇ, ನೆನೆಸಿದ ಚುರುಮುರಿ, ಮೊಸರು, ತುರಿದ ಕೊಬ್ಬರಿ ಇವನ್ನೆಲ್ಲ ಬೆಳಗ್ಗೆ ಹೊರಗೆ ತೆರೆದಿಟ್ಟು ಮಧ್ಯಾಹ್ನ ಮತ್ತೆ ಬಡಿಸಬೇಡಿ. ಚಟ್ನಿಪುಡಿ, ರೊಟ್ಟಿ, ಉಂಡಿ ಎಷ್ಟು ಹೊತ್ತು ಇದ್ದರೂ ತೊಂದರೆ ಇಲ್ಲ.

ಮಾಳಮಡ್ಡಿ ಓಣಿ

ಚಹಾ ಬಗ್ಗೆ ಯಾರೂ ಹೇಳಲಿಲ್ಲ. ಹಬ್ಬದ ದಿನ ಒಲೆ ಹಿಡಿದುಕೊಳ್ಳುವುದು ನಿಜವಾಗಿ ಚಹಾ. ಒಬ್ಬರು ಬಂದರೆ ಒಂದು ಕಪ್, ಇನ್ನೊಬ್ಬರಿಗೆ ಸಕ್ಕರೆ ಬೇಡ, ಮತ್ತೊಬ್ಬರಿಗೆ ಶುಂಠಿ ಬೇಕು. ಸಕ್ಕರೆ ಇಲ್ಲದೆ ಒಂದೇ ಸಲ ಮಾಡಿ ಎರಡು ಫ್ಲಾಸ್ಕಿಗೆ ತುಂಬಿಡಿ, ಸಕ್ಕರೆ ಡಬ್ಬಿ ಪಕ್ಕದಲ್ಲಿರಲಿ. ಎರಡು ಗಂಟೆ ರುಚಿ ಕೆಡುವುದಿಲ್ಲ. ಆಮೇಲೆ ಬಂದವರು ತಾವೇ ಮಾಡಿಕೊಳ್ಳಲಿ.

ಕೇಶ್ವಾಪುರದ ಸೊಸೆ

ಎಲ್ಲರಿಗೂ ಥ್ಯಾಂಕ್ಸ್. ರಾತ್ರಿ ಅತ್ತೆ ಮುಂದೆ ಕೂತು ಎಲ್ಲಾ ಓದಿ ಹೇಳಿದೆ. ಮೊದಲು ಮುಖ ಗಂಟು ಹಾಕಿಕೊಂಡರು. ಮನೆಗೆ ಬಂದವರಿಗೆ ಬುಟ್ಟಿ ತೋರಿಸಿ ತಿನ್ನಿ ಅನ್ನುವುದೇ ಅಂದರು. ಪಂಚಮಿಯ ಮಾತು ಬಂದ ಮೇಲೆ ಸುಮ್ಮನಾದರು. ಅವರ ತವರು ಲಕ್ಷ್ಮೇಶ್ವರದ ಕಡೆ, ಅಲ್ಲಿ ಬುಟ್ಟಿಯೇ ನಡೆಯುತ್ತಿತ್ತಂತೆ.

ಈಗ ನಿಂತಿರುವುದು ಹೀಗೆ. ನರಕ ಚತುರ್ದಶಿಗೆ ಆರತಿ ಆದ ಮೇಲೆ ಫರಾಳ, ಹಚ್ಚಿದ ಅವಲಕ್ಕಿ, ಹಚ್ಚುವ ಕೆಲಸ ನಾದಿನಿಯ ದೊಡ್ಡ ಮಗಳದ್ದು. ಮಾವನಿಗೆ ಮೊಸರವಲಕ್ಕಿ, ಅತ್ತೆಗೆ ಮಡಕಿಕಾಳು ಉಸಳಿ, ಮಾತ್ರೆ ಹೊತ್ತಿಗೆ ಸರಿಯಾಗಿ. ಅಮಾವಾಸ್ಯೆ ದಿನ ರೊಟ್ಟಿ ಬುಟ್ಟಿ, ಚಟ್ನಿಪುಡಿ. ರೊಟ್ಟಿ ನಾನು ತಟ್ಟುವುದಿಲ್ಲ, ನಮ್ಮ ಓಣಿಯಲ್ಲಿ ರೊಟ್ಟಿ ಮಾಡಿ ಮಾರುವ ಅಕ್ಕ ಇದ್ದಾರೆ, 60 ಕಡಕ್ ರೊಟ್ಟಿಗೆ ಹೇಳಿದ್ದೇನೆ. ಪಾಡ್ಯದ ದಿನ ಸೂಸಲಾ, ಮಿರ್ಚಿ, ಅಂಗಳದ ಒಲೆ. ನಮ್ಮ ಯಜಮಾನರು ಒಪ್ಪಿದ್ದಾರೆ. ಮೈದುನನಿಗೆ ಇನ್ನೂ ಹೇಳಿಲ್ಲ, ರೈಲಿನಿಂದ ಇಳಿಯಲಿ.

ಒಂದೇ ಅನುಮಾನ ಉಳಿದಿದೆ. 14 ಜನರಿಗೆ ಚುರುಮುರಿ ಎಷ್ಟು ತರಲಿ?

ಉಣಕಲ್ ದಂಡೆ

ದೊಡ್ಡವರಿಗೆ ತಲೆಗೆ ಎರಡು ದೊಡ್ಡ ಬೊಗಸೆ, ಸಣ್ಣವರಿಗೆ ಒಂದು. ನೆಂದ ಮೇಲೆ ಅರ್ಧಕ್ಕೆ ಇಳಿಯುತ್ತದೆ, ಅದನ್ನು ನೋಡಿ ಗಾಬರಿಯಾಗಬೇಡಿ. ನಾಲ್ಕು ಬೊಗಸೆ ಜಾಸ್ತಿಯೇ ತನ್ನಿ, ಉಳಿದರೆ ಸಂಜೆ ಗಿರ್ಮಿಟ್.

ಗದಗಿನವಳು

ಮಿರ್ಚಿಗೆ ತಲೆಗೆ ಮೂರು ಮೆಣಸಿನಕಾಯಿ. ನಾದಿನಿಗೆ ಐದು.